ಬಚ್ಚಲೊಲೆಯ ಹೊಗೆ ಯಾರ ಲೆಕ್ಕದಲ್ಲಿದೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನವೂ ಹೊರಡಿಸುವ ವಾಯು ಗುಣಮಟ್ಟದ ಪಟ್ಟಿಯಲ್ಲಿ ಚಿಕ್ಕಮಗಳೂರಿನ ಮುಂದೆ 'ಉತ್ತಮ' ಎಂದು ಆಗಾಗ ಕಾಣುತ್ತದೆ. ಅದನ್ನು ನೋಡಿ ಮೂಡಿಗೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಸುತ್ತ ಕಾಡು, ತೋಟ. ಕಾರ್ಖಾನೆಯೂ ಇಲ್ಲ. ಬಚ್ಚಲೊಲೆಯ ಹೊಗೆಗೆ ಯಾಕೆ ತಲೆಕೆಡಿಸಿಕೊಳ್ಳಬೇಕು?" ಕೆಡಿಸಿಕೊಳ್ಳಲೇಬೇಕು. ಪೇಟೆಯ ಯಂತ್ರ ಅಳೆಯುವುದು ಬಯಲ ಗಾಳಿಯನ್ನು. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸು ಉಸಿರಾಡುವುದು ಒಲೆಯ ಮುಂದಿನ ಗಾಳಿಯನ್ನು.

ಈ ಎರಡು ಗಾಳಿಗಳ ಅಂತರವನ್ನು ಅಳೆದು ತೋರಿಸಿದವರಲ್ಲಿ ವಿಜ್ಞಾನಿ ಕರ್ಕ್ ಸ್ಮಿತ್ ಮೊದಲಿಗರು. 1981ರಲ್ಲಿ ಅವರೂ ಭಾರತೀಯ ಸಹೋದ್ಯೋಗಿಗಳೂ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೇ ಪುಟ್ಟ ಪಂಪು ಕಟ್ಟಿ, ಅವರು ಸೇವಿಸುವ ಗಾಳಿಯನ್ನು ಸೋಸಿದರು. ಘನ ಮೀಟರಿಗೆ ಸರಾಸರಿ 7 ಮಿಲಿಗ್ರಾಮಿನ ಹತ್ತಿರ ದೂಳು ಸಿಕ್ಕಿತು. ಯಾವ ಮಹಾನಗರದ ಬೀದಿಯಲ್ಲೂ ಯಾರೂ ಸಹಿಸದ ಪ್ರಮಾಣವದು. ಆದರೂ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಗರಗಳ ಕಾರ್ಯಕ್ರಮದಲ್ಲಿ ಒಲೆಗೆ ಎಲ್ಲಿಯ ಜಾಗ?

ಹಳ್ಳಿಯ ಇಂಧನವನ್ನು ಹೇಗೆ ಲೆಕ್ಕ ಹಾಕಬೇಕೆಂದು ನಮಗೆ ಕಲಿಸಿದವರು ಕನ್ನಡ ನಾಡಿನವರೇ ಎಂಬುದು ನನಗೆ ಹೆಮ್ಮೆಯ ಸಂಗತಿ. ಅಮೂಲ್ಯ ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುದ್ರಸಾಯನ ವಿಜ್ಞಾನಿ. 1974ರಲ್ಲಿ ಅಲ್ಲೇ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಅವರ ತಂಡ ಮನೆಮನೆಗೆ ಹೋಗಿ ಸೌದೆ ತೂಗಿತು, ಸೀಮೆಎಣ್ಣೆ ಅಳೆಯಿತು, ಎತ್ತು ದುಡಿದ ಹೊತ್ತನ್ನೂ ಹೆಂಗಸರು ಸೌದೆಗಾಗಿ ನಡೆದ ದೂರವನ್ನೂ ಬರೆದುಕೊಂಡಿತು. ಇಂಧನ ಎಂದರೆ ಕಲ್ಲಿದ್ದಲು, ಪೆಟ್ರೋಲು, ವಿದ್ಯುತ್ತು ಎಂದುಕೊಂಡಿದ್ದ ಯೋಜನಾಕಾರರಿಗೆ ಅದೊಂದು ಪಾಠ: ಊರಿನ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು, ಸೌದೆಯಲ್ಲಿ ಸಿಂಹಪಾಲು ಅಡುಗೆಯದು, ಅದರ ನಂತರದ ಸ್ಥಾನ ಸ್ನಾನದ ನೀರಿನದು. ಮುಚ್ಚಿದ ಉರಿಗೂಡು, ಕಬ್ಬಿಣದ ಜಾಲರಿ, ಹೊಗೆಕೊಳವೆಗಳ ಅಸ್ತ್ರ ಒಲೆ ಹುಟ್ಟಿದ್ದು ಈ ಕೇಂದ್ರದಲ್ಲೇ. ಮೊದಲು ತೂಗು, ಆಮೇಲೆ ಯೋಜನೆ ಮಾಡು ಎಂಬ ರೆಡ್ಡಿಯವರ ಕ್ರಮ ಒಲೆಗಿಂತ ದೊಡ್ಡ ಕೊಡುಗೆ.

ಆ ಕ್ರಮದಲ್ಲಿ ಕಾಫಿ ಸೀಮೆಯನ್ನು ನೋಡಿ. ಪುರದಲ್ಲಿ ಸೌದೆಗೆ ಮೈಲಿಗಟ್ಟಲೆ ನಡೆಯಬೇಕಿತ್ತು. ಇಲ್ಲಿ ವರ್ಷಕ್ಕೊಮ್ಮೆ ಮರಗಸಿ (ನೆರಳುಮರಗಳ ರೆಂಬೆ ಕಡಿತ) ಆದರೆ ಹಾಲುವಾಣ, ಸಿಲ್ವರ್ ಓಕ್ ರೆಂಬೆಗಳು ಕಾಲಡಿಯೇ ಬೀಳುತ್ತವೆ. ಪುಕ್ಕಟೆ ಸೌದೆಯ ಎದುರು ಸಿಲಿಂಡರ್ ಗೆಲ್ಲುವುದು ಕಷ್ಟ. ಉಜ್ವಲಾ ಯೋಜನೆ (2016) ಗ್ಯಾಸನ್ನು ಮನೆಗೆ ತಂದಿತು ನಿಜ. ಅದರ ಮೇಲೆ ಚಹಾ, ಸಾರು ಆಗುತ್ತವೆ. ಹಂಡೆ ಕಾಯುವುದು ಸೌದೆಯಲ್ಲೇ. ಐದು ಜನಕ್ಕೆ ತಲಾ 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು 8.4 ಮೆಗಾಜೂಲ್ ಬೇಕು. ಉರಿಯ ಶಾಖದಲ್ಲಿ ಆರನೆಯ ಒಂದು ಪಾಲು ಹಂಡೆಗೆ ಸೇರಿತೆಂದರೂ ದಿನಕ್ಕೆ ಮೂರೂವರೆ ಕಿಲೋ ಒಣ ಸೌದೆ. ಆಷಾಢದ ಹಸಿ ಸೌದೆಯಾದರೆ ಇನ್ನೂ ಹೆಚ್ಚು. ತೇವ ಆರುವವರೆಗೆ ಉರಿ ತಣ್ಣಗಿದ್ದು ಅರೆಬೆಂದ ಕಣಗಳೇ ಹೊರಬರುತ್ತವೆ. ರೆಂಬೆ ಕಡಿದ ಮರ ಮತ್ತೆ ಚಿಗುರಿ ಇಂಗಾಲವನ್ನು ಹೀರಿಕೊಳ್ಳುತ್ತದೆ, ಆದರೆ ಶ್ವಾಸಕೋಶಕ್ಕಿಳಿದ ಮಸಿಗೆ ಅಂಥ ಮರುಪಯಣವಿಲ್ಲ.

ಒಳ್ಳೆಯ ಒಲೆ ಹಂಚಿದರೆ ಮುಗಿಯಿತೇ? ಹನ್ನಾ, ಡುಫ್ಲೊ, ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದಲ್ಲಿ ಸುಧಾರಿತ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿದರು. ಮೊದಲ ವರ್ಷ ಹೊಗೆ ಇಳಿಯಿತು. ಆಮೇಲೆ ಒಲೆ ಬಿರುಕುಬಿಟ್ಟಿತು, ಕೊಳವೆ ಕಟ್ಟಿಕೊಂಡಿತು, ಲಾಭ ಕರಗಿತು. ತಮಿಳುನಾಡಿನಲ್ಲೂ ನಡೆದ, ನಾಲ್ಕು ದೇಶಗಳ 'ಹಪಿನ್' ಪ್ರಯೋಗದಲ್ಲಿ ಗರ್ಭಿಣಿಯರಿಗೆ ಗ್ಯಾಸನ್ನು ಪುಕ್ಕಟೆಯಾಗಿ ಮನೆಗೇ ತಲುಪಿಸಿದಾಗ ಸೌದೆ ಒಲೆ ಬಹುತೇಕ ಆರಿತು, ಅವರು ಸೇವಿಸುವ ಸೂಕ್ಷ್ಮ ಕಣಗಳು ಮೂರನೆಯ ಒಂದಕ್ಕೆ ಇಳಿದವು. ಶಿಶುಗಳ ತೂಕ ಮಾತ್ರ ಹೆಚ್ಚಲಿಲ್ಲ. ಹಾಗಾಗಿ 'ಗ್ಯಾಸ್ ಬಂದರೆ ಎಲ್ಲ ಸರಿ' ಎಂಬ ಭರವಸೆಯನ್ನು ನಾನು ಒಪ್ಪಲಾರೆ. ಬೆಲೆ, ದುರಸ್ತಿಗಳ ಮಾತೇ ಆಡದ ಯೋಜನೆಗಳ ಮೇಲಂತೂ ನನಗೆ ನಂಬಿಕೆಯಿಲ್ಲ.

ಹಂಡೆಯ ಬದಲು ವಿದ್ಯುತ್ತು ಆಗಬಹುದೇ? ಅದೇ 8.4 ಮೆಗಾಜೂಲ್ ಎಂದರೆ ದಿನಕ್ಕೆ 2.3 ಯೂನಿಟ್, ತಿಂಗಳಿಗೆ 70. ರಾಜ್ಯದ ಪುಕ್ಕಟೆ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿ 200 ಯೂನಿಟ್ ಎಂದು ಕೇಳಿದವರಿಗೆ ಇದು ಸುಲಭವೆನಿಸುತ್ತದೆ. ಆದರೆ ಆ ಪುಕ್ಕಟೆ ಪಾಲು ನಿಂತಿರುವುದು ಹಿಂದಿನ ಸರಾಸರಿ ಬಳಕೆಯ ಮೇಲೆ. ಅದಕ್ಕೆ ಶೇ 10 ಸೇರಿಸುತ್ತಾರೆ. ತೀರಾ ಕಡಿಮೆ ಬಳಸುವವರಿಗೆ ಅದರ ಬದಲು 10 ಯೂನಿಟ್ ಸೇರಿಸುತ್ತಾರೆ. ಎರಡು ಬಲ್ಬು, ಒಂದು ಟಿವಿಯಲ್ಲಿ 40 ಯೂನಿಟ್ ಸುಡುತ್ತಿದ್ದ ಮನೆಗೆ ಸಿಗುವುದು 50. ಹಂಡೆಯ 70 ಯೂನಿಟ್‌ಗೆ ಅದರಲ್ಲಿ ಎಡೆಯಿಲ್ಲ. ಇಷ್ಟು ವರ್ಷ ಸೌದೆ ಉರಿಸಿದ ಮನೆಗೇ ಅತಿ ಕಡಿಮೆ ಪಾಲು. ಮಲೆನಾಡಿನ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬಚ್ಚಲಿನ ಸೌದೆ ತೂಗಿ ಈ ಪುಕ್ಕಟೆ ಪಾಲನ್ನು ಮತ್ತೆ ನಿಗದಿ ಮಾಡಬೇಕು. ಅದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ನೋಟ್‌ಬುಕ್ಕು, ತೋಟದವರ ಒಪ್ಪಿಗೆ.