ಟಿಕೆಟ್ ಯಂತ್ರದ ಸತ್ವಪರೀಕ್ಷೆ

ಸಂತೆಯ ದಿನ ಗುಡೂರಿನಿಂದ ಇಳಕಲ್ಲಿಗೆ ಹೊರಟ ಬಸ್ಸನ್ನು ನೆನೆದುಕೊಳ್ಳಿರಿ. ಒಳಗೆ ಕಾಲಿಡಲು ಸ್ಥಳವಿಲ್ಲ. ಆ ಜನಸಂದಣಿಯ ನಡುವೆ ನಿರ್ವಾಹಕರು ಚಿಕ್ಕದೊಂದು ಯಂತ್ರದ ಗುಂಡಿಗಳನ್ನೊತ್ತಿ ಟಿಕೆಟುಗಳನ್ನು ಹರಿದು ಕೊಡುತ್ತಾರೆ. ಅಂಗಡಿಗಳಲ್ಲಿ ಬಿಲ್ಲು ಮುದ್ರಿಸುವ ಯಂತ್ರವೂ ಇದೇ ಜಾತಿಗೆ ಸೇರಿದುದು.

ಇಂಥ ಯಂತ್ರಕ್ಕೆ ಮಸಿ ಬೇಕಿಲ್ಲ. ಇದರ ಕಾಗದಕ್ಕೆ, ಶಾಖ ತಗುಲಿದೊಡನೆ ಕಪ್ಪಾಗುವ ರಾಸಾಯನಿಕ ಲೇಪವಿರುತ್ತದೆ. ಯಂತ್ರದೊಳಗೆ ಸಾಮಾನ್ಯವಾಗಿ ಮಿಲಿಮೀಟರಿಗೆ 8ರಂತೆ ಸೂಕ್ಷ್ಮವಾದ ಬಿಂದುಗಳು ಸಾಲಾಗಿರುತ್ತವೆ. ಬೇಕಾದ ಬಿಂದುಗಳು ಕ್ಷಣಕಾಲ ಕಾದು ಆರುತ್ತವೆ. ಕಾಗದವು ಮುಂದೆ ಸರಿದಂತೆ ಅಕ್ಷರಗಳು ಮೂಡುತ್ತವೆ.

ಕರ್ನಾಟಕದಲ್ಲಿ ಶಕ್ತಿ ಯೋಜನೆಯು 2023ರ ಜೂನ್ 11ರಂದು ಆರಂಭವಾಯಿತು. ಅದರಂತೆ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡಬಹುದು. ಆದರೆ ಶೂನ್ಯ ದರದ ಟಿಕೆಟನ್ನು ಪಡೆಯಲೇಬೇಕು. ಸಾರಿಗೆ ಸಂಸ್ಥೆಗಳಿಗೆ ಸರ್ಕಾರವು ಹಣ ತುಂಬಿಕೊಡುವುದು ಈ ಟಿಕೆಟುಗಳ ಲೆಕ್ಕದ ಆಧಾರದ ಮೇಲೆ. ಚೀಲದಲ್ಲಿ ಹಣವಿಲ್ಲದೆಡೆ ಟಿಕೆಟೊಂದೇ ಸಾಕ್ಷಿ. ಆದ್ದರಿಂದ ಯಂತ್ರವು ಜನಸಂದಣಿಯಲ್ಲಿ ಕೈಕೊಡಬಾರದು.

ಹತ್ತು ಟಿಕೆಟುಗಳನ್ನು ಚೆನ್ನಾಗಿ ಮುದ್ರಿಸಿದ ಯಂತ್ರವು ಸಾವಿರದವರೆಗೂ ಹಾಗೆಯೇ ನಡೆಯುವುದೆಂದು ನಂಬುವುದು ಹೇಗೆ? ಅದಕ್ಕಾಗಿಯೇ ಅದನ್ನು ಬಳಕೆಗೆ ಕೊಡುವ ಮೊದಲು ದಿನನಿತ್ಯದ ಹೊರೆಗಿಂತ ಹೆಚ್ಚಿನ ಹೊರೆ ಹೇರಿ ಪರೀಕ್ಷಿಸಬೇಕಾಗುತ್ತದೆ.

ಮೊದಲಿಗೆ ಬಿಡುವಿಲ್ಲದೆ ಮುದ್ರಿಸುತ್ತಾರೆ. ಬಿಂದುಗಳು ಅತಿಯಾಗಿ ಕಾದರೆ ಅಕ್ಷರಗಳು ಕಲಸಿಹೋಗುತ್ತವೆ. ಬ್ಯಾಟರಿ ಸೊರಗಿದರೆ ಮಸುಕಾಗುತ್ತವೆ. ಬೇಸಿಗೆಯ ಸೆಕೆಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನಂತರ, ಮುದ್ರಣದ ವೇಗವನ್ನು ಮೀರಿ ಆದೇಶಗಳನ್ನು ಕಳುಹಿಸುತ್ತಾರೆ. ಯಂತ್ರದ ಸ್ಮೃತಿಕೋಶವು ತುಂಬಿದಾಗ ಆದೇಶಗಳು ಕಾದು ನಿಲ್ಲಬೇಕು. ಇಲ್ಲವಾದರೆ ಸಾಲುಗಳೇ ಕಾಣೆಯಾಗುತ್ತವೆ. ಕನ್ನಡದ ಒತ್ತಕ್ಷರ, ಕೊಂಬುಗಳನ್ನು ಅನೇಕ ಯಂತ್ರಗಳು ಚಿತ್ರದಂತೆ ಬಿಂದುಬಿಂದುವಾಗಿ ಸ್ವೀಕರಿಸುವುದರಿಂದ ಹೊರೆ ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ಕನ್ನಡ ಟಿಕೆಟು ಕೊಡಬೇಕಾದ ಯಂತ್ರವನ್ನು ಕನ್ನಡದಲ್ಲಿಯೇ ಪರೀಕ್ಷಿಸುವುದು ಯುಕ್ತ.

ಕಡೆಯ ಪರೀಕ್ಷೆಯೇ ಎಲ್ಲಕ್ಕಿಂತ ಕಠಿಣವಾದುದು. ಟಿಕೆಟು ಅರ್ಧ ಮುದ್ರಿತವಾದಾಗ ಕಾಗದವು ಮುಗಿಯುವಂತೆ, ಇಲ್ಲವೆ ವಿದ್ಯುತ್ತು ನಿಲ್ಲುವಂತೆ ಮಾಡುತ್ತಾರೆ. ಯಂತ್ರವು ಮತ್ತೆ ಎಚ್ಚತ್ತಾಗ ಆ ಟಿಕೆಟು ಲೆಕ್ಕದಲ್ಲಿ ಸೇರಿದೆಯೆ? ಎರಡು ಬಾರಿ ಸೇರಿದೆಯೆ? ಕಾಗದ ಮತ್ತು ಲೆಕ್ಕ ಒಂದನ್ನೇ ಹೇಳಿದರೆ ಮಾತ್ರ ಯಂತ್ರವು ಗೆದ್ದಂತೆ.

ಪರೀಕ್ಷೆಯ ಕೋಣೆಯಲ್ಲಿ ಸೋತ ಯಂತ್ರವನ್ನು ತಿದ್ದಬಹುದು. ಅದೇ ಯಂತ್ರವು ಬಸ್ಸಿನಲ್ಲಿ ಸೋತರೆ, ತನಿಖೆಗೆ ಬಂದವರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾದವರು ತಪ್ಪು ಮಾಡದ ನಿರ್ವಾಹಕರು, ಇಲ್ಲವೆ ಕೈಯಲ್ಲಿ ಟಿಕೆಟಿಲ್ಲದ ಪ್ರಯಾಣಿಕರು. ಪ್ರಾಮಾಣಿಕರ ಮಾತಿಗೆ ಸಾಕ್ಷಿಯಾಗಬೇಕಾದ ವಸ್ತುವನ್ನು ಮೊದಲೇ ಒರೆಗೆ ಹಚ್ಚಿ ನೋಡುವುದು ಅದನ್ನು ತಯಾರಿಸಿದವರ ಕರ್ತವ್ಯ.