ಅಲ್ ದೆಂತೆ ಎಂದರೆ ಅರೆಬೆಂದದ್ದಲ್ಲ

ಪಾಸ್ತಾ ಪೊಟ್ಟಣದ ಮೇಲೆ ‘ಅಲ್ ದೆಂತೆ’ ಎಂದು ಕಂಡ ಕೂಡಲೇ ‘ಓ, ಅರ್ಧ ಬೇಯಿಸೋದು’ ಅಂದುಕೊಳ್ಳುವವರೇ ಹೆಚ್ಚು. ಹೀಗೆ ನಂಬಿ ಹಸಿಹಿಟ್ಟಿನ ವಾಸನೆಯ ಪಾಸ್ತಾ ತಿಂದು, ಇದು ನಮಗೊಗ್ಗುವ ತಿಂಡಿಯಲ್ಲ ಎಂದು ಕೈಬಿಟ್ಟವರೂ ಇದ್ದಾರೆ. ಅದು ಅನ್ಯಾಯ. ಬೆಂದೂ ಹಲ್ಲಿಗೆ ಸಿಗುವ ಬಿಗಿ ಉಳಿದಿರುವ ಹದವೇ ಅಲ್ ದೆಂತೆ.

ಕುದಿಯುವ ನೀರಿನಿಂದ ಒಂದು ಪೆನ್ನೆ (ಕೊಳವೆಯಂಥ ಪಾಸ್ತಾ) ತೆಗೆದು ಅಡ್ಡಲಾಗಿ ಕತ್ತರಿಸಿ ನೋಡಿ. ಒಳಗೆ ಸುಣ್ಣದಂಥ ಬಿಳಿ ಗೆರೆ ದಪ್ಪಗಿದ್ದರೆ ಅದಿನ್ನೂ ಹಸಿ. ಆ ಗೆರೆ ಕೂದಲೆಳೆಯಷ್ಟಾಗಿ ಮಾಯವಾಗುವ ಹೊತ್ತಿಗೆ ಹದ ಬಂತು. ನೀರು ಹೊರಗಿನಿಂದ ಒಳಕ್ಕಿಳಿಯುತ್ತ ಪಿಷ್ಟವನ್ನು ಉಬ್ಬಿಸುತ್ತದೆ, ಡ್ಯೂರಮ್ ಗೋಧಿಯ ಗ್ಲುಟನ್ ಜಾಲ ಅದು ಕರಗಿಹೋಗದಂತೆ ಹಿಡಿದಿಡುತ್ತದೆ. ಇಟಲಿಯಲ್ಲಿ ಒಣ ಪಾಸ್ತಾಗೆ ಡ್ಯೂರಮ್ ರವೆಯೇ ಆಗಬೇಕೆಂದು 1967ರಲ್ಲಿ ಕಾನೂನೇ ಬಂತು. ಉತ್ತರ ಕರ್ನಾಟಕದಲ್ಲಿ ಬೆಳೆದುಬಂದ ‘ಬಿಜಗ ಯೆಲ್ಲೋ’ ಗೋಧಿಯೂ ಡ್ಯೂರಮ್ ಜಾತಿಯದೇ. ಮೊಟ್ಟೆ ಹಾಕಿ ಮನೆಯಲ್ಲೇ ಲಟ್ಟಿಸಿದ ಹಸಿ ಪಾಸ್ತಾದಲ್ಲಿ ಮಾತ್ರ ಈ ಬಿಗಿ ನಿರೀಕ್ಷಿಸಬೇಡಿ. ಅದು ಎರಡು ಮೂರು ನಿಮಿಷಕ್ಕೇ ಮೆತ್ತಗೆ ಬೇಯುತ್ತದೆ.

ಇಟಾಲಿಯನ್ನರು ಅನಾದಿಯಿಂದಲೂ ಹೀಗೇ ತಿನ್ನುತ್ತಿದ್ದರು ಎಂಬ ಮಾತೂ ಸುಳ್ಳು. 15ನೇ ಶತಮಾನದ ಹೆಸರಾಂತ ಬಾಣಸಿಗ ಮಾರ್ತಿನೋ ಸಿಸಿಲಿಯ ಮ್ಯಾಕರೋನಿಯನ್ನು ಎರಡು ಗಂಟೆ ಕುದಿಸಲು ಹೇಳಿದ್ದಾನೆ! ಬಿಗಿಯಾಗಿ ಇಳಿಸುವ ರುಚಿ ಬಲವಾಗಿ ಬೇರೂರಿದ್ದು ಆಮೇಲೆ, ದಕ್ಷಿಣದ ನೇಪಲ್ಸಿನ ಕಡೆ.

ನೀರಿಗೆ ಎಣ್ಣೆ ಹಾಕಿದರೆ ಅಂಟುವುದಿಲ್ಲ ಎನ್ನುತ್ತಾರೆ. ಎಣ್ಣೆ ಮೇಲೆ ತೇಲುತ್ತದೆ, ಪಾಸ್ತಾ ತಳದಲ್ಲಿ ಅಂಟಿಕೊಳ್ಳುತ್ತದೆ. ಮೊದಲ ಎರಡು ನಿಮಿಷ ಚೆನ್ನಾಗಿ ಕೈಯಾಡಿಸಿ, ಸಾಕು. ಗೋಡೆಗೆಸೆದು ಅಂಟಿದರೆ ಬೆಂದಿದೆ ಎಂಬ ಪರೀಕ್ಷೆಯೂ ವ್ಯರ್ಥ. ಅದರಿಂದ ತಿಳಿಯುವುದು ಮೇಲ್ಮೈ ಅಂಟು ಮಾತ್ರ. ಒಳಗಿನ ಹದಕ್ಕೆ ಒಂದೆಳೆ ಕಚ್ಚಿಯೇ ನೋಡಬೇಕು.

ಬಿಗಿಯಾಗಿದ್ದರೆ ಜೀರ್ಣವಾಗದು ಎಂದು ಹೆದರುವವರಿಗೆ ಒಂದು ಮಾತು: ಬಿಗಿಯಾದ ಪಾಸ್ತಾದ ಪಿಷ್ಟ ನಿಧಾನವಾಗಿ ಒಡೆಯುವುದರಿಂದ, ಮೆತ್ತಗೆ ಬೆಂದದ್ದಕ್ಕಿಂತ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಹಾಗೆಂದು ತಟ್ಟೆ ತುಂಬ ಬಡಿಸಿಕೊಂಡರೆ ಆ ಲಾಭ ಉಳಿಯದು.

ಬಸಿದ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯುವುದು ಸಲಾಡ್‌ಗೆ ಸರಿ. ಬಿಸಿ ಸಾಸ್ ಜೊತೆ ತಿನ್ನುವುದಾದರೆ ಬೇಡ, ಸಾಸ್ ಹಿಡಿದುಕೊಳ್ಳುವ ಪಿಷ್ಟವೆಲ್ಲ ಕೊಚ್ಚಿಹೋಗುತ್ತದೆ. ಪೊಟ್ಟಣ ಹೇಳುವುದಕ್ಕಿಂತ ಒಂದೆರಡು ನಿಮಿಷ ಮೊದಲೇ ಬಸಿದು, ಪಾಸ್ತಾ ಬೇಯಿಸಿದ ಒಂದು ಸೌಟು ನೀರಿನ ಜೊತೆ ಸಾಸಿನ ಬಾಣಲೆಗೆ ಹಾಕಿ. ಉಳಿದ ಬೇಯುವಿಕೆ ಅಲ್ಲೇ ಆಗಲಿ.