ಬೆನ್ನು ಡೊಂಕಾದರೆ ನೆಟಿಕೆ ತೆಗೆಸಬಹುದೆ?

ಹನ್ನೊಂದು ಹನ್ನೆರಡು ವರ್ಷದ ಹುಡುಗಿಗೆ ಎಣ್ಣೆ ಹಚ್ಚಿ ಎರೆಯುವ ತಾಯಿಯ ಕಣ್ಣಿಗೋ, ಅಂಗಿಯ ಅಳತೆ ತೆಗೆಯುವ ಟೇಲರ್ ಕಣ್ಣಿಗೋ ಅದು ಮೊದಲು ಬೀಳುತ್ತದೆ. ಒಂದು ಭುಜ ಮೇಲೆ, ಇನ್ನೊಂದು ಕೆಳಗೆ. ಒಂದು ಬದಿಯ ಹೆಗಲೆಲುಬು ಉಬ್ಬಿದೆ, ಸೊಂಟ ವಾಲಿದೆ. ಶಿಗ್ಗಾವಿ ತಾಲ್ಲೂಕಿನ ಹುಲಗೂರಿನಂಥ ಊರಲ್ಲಿ ಆಗ ಉಳುಕು ತೆಗೆಯುವವರ ಹೆಸರು ಮೊದಲು ಬರುತ್ತದೆ. ಈಚೆಗೆ ಮೊಬೈಲ್ ವಿಡಿಯೊ ನೋಡಿದವರು ಕೈರೋಪ್ರಾಕ್ಟಿಕ್ ಹೆಸರನ್ನೂ ಹೇಳುತ್ತಾರೆ. ಎರಡರ ಹಿಂದೆಯೂ ಇರುವ ಆಸೆ ಒಂದೇ: ಕೈಯಿಂದ ಒತ್ತಿ ಬೆನ್ನನ್ನು ನೆಟ್ಟಗೆ ಮಾಡಬಹುದು ಎಂಬುದು. ಬೆಳೆಯುವ ಮಗುವಿನ ವಿಷಯದಲ್ಲಿ ಈ ಆಸೆಯನ್ನು ನೆಚ್ಚಿಕೊಳ್ಳುವುದು ಅಪಾಯಕಾರಿ.

ಈ ಡೊಂಕಿಗೆ ವೈದ್ಯರು ಹೇಳುವ ಹೆಸರು ಸ್ಕೋಲಿಯೋಸಿಸ್. ಇದರಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಅದರೊಡನೆ ಪಕ್ಕೆಲುಬುಗಳೂ ತಿರುಗುತ್ತವೆ. ಹಾಗಾಗಿ ಮನೆಯಲ್ಲೇ ಪರೀಕ್ಷಿಸಬಹುದು. ಕಾಲು ಜೋಡಿಸಿ, ಮೊಣಕಾಲು ಮಡಚದೆ, ಎರಡೂ ಅಂಗೈ ಕೂಡಿಸಿ ಮಗುವನ್ನು ಮುಂದಕ್ಕೆ ಬಗ್ಗಿಸಿ, ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿ ಕಂಡರೆ ಎಕ್ಸ್‌ರೇ ಬೇಕು. ಎಕ್ಸ್‌ರೇಯಲ್ಲಿ ವೈದ್ಯರು ಅಳೆಯುವ ಕೋನಕ್ಕೆ ಕಾಬ್ ಕೋನ ಎನ್ನುತ್ತಾರೆ. ಅದು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಸ್ಕೋಲಿಯೋಸಿಸ್. ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಕಾರಣ ತಿಳಿಯುವುದಿಲ್ಲ. ಭಾರದ ಪಾಟೀಚೀಲ ಹೊತ್ತದ್ದರಿಂದಲೋ, ಸೊಟ್ಟಗೆ ಕೂತದ್ದರಿಂದಲೋ ಬಂದದ್ದಲ್ಲ. ದಯವಿಟ್ಟು ಮಗುವನ್ನು ಬೈಯಬೇಡಿ.

ಕೈರೋಪ್ರಾಕ್ಟಿಕ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ, ಡಿ. ಡಿ. ಪಾಮರ್ ಎಂಬವರಿಂದ. ಕೀಲಿಗೆ ಥಟ್ಟನೆ ಒಂದು ಒತ್ತು ಕೊಡುವುದು ಇದರ ಮುಖ್ಯ ಕ್ರಮ. ಆಗ 'ಟಕ್' ಎನ್ನುವ ಸದ್ದಿಗೂ ಮೂಳೆ ಜಾಗಕ್ಕೆ ಕೂರುವುದಕ್ಕೂ ಸಂಬಂಧವಿಲ್ಲ. ಕೀಲಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಗುಳ್ಳೆ ಏಳುವುದರಿಂದ ಆ ಸದ್ದು ಬರುತ್ತದೆ. ಬೆರಳಿನ ನೆಟಿಕೆಯೂ ಇದೇ. ಸ್ನಾಯು ಸಡಿಲವಾಗಿ ಸ್ವಲ್ಪ ಹೊತ್ತು ಹಗುರ ಎನಿಸುವುದು ನಿಜ. ಆದರೆ ಡೊಂಕು ಇರುವುದು ಬೆಳೆಯುತ್ತಿರುವ ಮೂಳೆಗಳ, ಅವುಗಳ ನಡುವಿನ ಡಿಸ್ಕ್‌ಗಳ ಆಕಾರದಲ್ಲೇ. ಒತ್ತುವುದರಿಂದ ಅದು ಬದಲಾಗುತ್ತದೆ, ಅಥವಾ ಹೆಚ್ಚುವುದು ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ಡೊಂಕು ಹೆಚ್ಚುವುದನ್ನು ತಡೆಯುತ್ತದೆ ಎನ್ನಲು ಪುರಾವೆ ಇರುವುದು ಬ್ರೇಸ್‌ಗೆ, ಎಂದರೆ ಮೈಗೆ ತೊಡಿಸುವ ಗಟ್ಟಿ ಕವಚಕ್ಕೆ. ಸಾಮಾನ್ಯವಾಗಿ 25ರಿಂದ 40 ಡಿಗ್ರಿ ಡೊಂಕಿದ್ದು, ಬೆಳವಣಿಗೆ ಇನ್ನೂ ಬಾಕಿ ಇರುವ ಮಕ್ಕಳಿಗೆ ಇದನ್ನು ತೊಡಿಸುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ, ಬ್ರೇಸ್ ತೊಟ್ಟವರಲ್ಲಿ ಶೇ 72ರಷ್ಟು ಮಕ್ಕಳ ಡೊಂಕು ಶಸ್ತ್ರಚಿಕಿತ್ಸೆಯ ಮಟ್ಟ ಮುಟ್ಟಲಿಲ್ಲ. ತೊಡದವರಲ್ಲಿ ಇದು ಶೇ 48. ದಿನಕ್ಕೆ ಸುಮಾರು 13 ತಾಸಿಗಿಂತ ಹೆಚ್ಚು ತೊಟ್ಟವರಲ್ಲಿ ಫಲ ಇನ್ನೂ ಚೆನ್ನಾಗಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಸುಲಭವಲ್ಲ. ಒಳಗೆ ತೆಳ್ಳನೆಯ ಹತ್ತಿ ಬನಿಯನ್ ಹಾಕಿ, ಬೆವರಿದಾಗ ಬದಲಿಸಿ, ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಶಾಲೆಯ ಮಾಸ್ತರರಿಗೆ ಮೊದಲೇ ತಿಳಿಸಿದರೆ ಹುಡುಗಿಗೆ ಮುಜುಗರ ಕಡಿಮೆ. ಬ್ರೇಸ್ ಇರುವ ಡೊಂಕನ್ನು ಪೂರ್ತಿ ನೆಟ್ಟಗೆ ಮಾಡುವುದಿಲ್ಲ, ಮುಂದೆ ಹೋಗದಂತೆ ಹಿಡಿದಿಡುತ್ತದೆ. ಡೊಂಕು ವೇಗವಾಗಿ ಹೆಚ್ಚುವುದು ಮಗು ಸರಸರನೆ ಎತ್ತರವಾಗುವಾಗ. ಹುಡುಗಿಯರಲ್ಲಿ ಈ ಕಾಲ ಬಹುಮಟ್ಟಿಗೆ ಮೈನೆರೆಯುವುದಕ್ಕಿಂತ ಮುಂಚಿನದು. ಆ ತಿಂಗಳುಗಳನ್ನು ನೆಟಿಕೆ ತೆಗೆಸುತ್ತ ಕಳೆದರೆ ಅವು ಮತ್ತೆ ಸಿಗುವುದಿಲ್ಲ. ನನ್ನ ಮುಖ್ಯ ತಕರಾರು ಇದೇ.

ದೊಡ್ಡವರ ಮಾತು ಬೇರೆ. ಬೆಳವಣಿಗೆ ಮುಗಿದು, ಹಳೆಯ ಡೊಂಕಿನ ಜೊತೆ ಸೊಂಟನೋವು ಇರುವವರಿಗೆ ಕೈಚಿಕಿತ್ಸೆಯಿಂದ ಸ್ವಲ್ಪ ಆರಾಮ ಸಿಗಬಹುದು. ವ್ಯಾಯಾಮ ಕಲಿಸುವ ಫಿಜಿಯೊಥೆರಪಿಯಿಂದಲೂ ಅಷ್ಟೇ ಸಿಗುತ್ತದೆ. ಕೈರೋಪ್ರಾಕ್ಟಿಕ್‌ಗೆಂದೇ ನಮ್ಮ ದೇಶದಲ್ಲಿ ಶಾಸನಬದ್ಧ ಮಂಡಳಿ ಇಲ್ಲ. ಹಾಗಾಗಿ ಕೈಯಿಡುವವರು ಏನು, ಎಲ್ಲಿ ಕಲಿತಿದ್ದಾರೆ ಎಂದು ಕೇಳಿಯೇ ಕೂರಬೇಕು. ಮೂಳೆ ಸವೆತ ಇದ್ದವರು, ಬೆನ್ನಿಗೆ ರಾಡ್ ಹಾಕಿಸಿಕೊಂಡವರು, ಕಾಲು ಜೋಮು ಹಿಡಿಯುವವರು ಒತ್ತಿಸಿಕೊಳ್ಳಬಾರದು. ಕುತ್ತಿಗೆಯನ್ನಂತೂ ಯಾರಿಂದಲೂ ಥಟ್ಟನೆ ತಿರುಗಿಸಿಕೊಳ್ಳಬೇಡಿ. ಬಳ್ಳಾರಿಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ಮಾಲೀಶಿನ ನಡುವೆ ಕುತ್ತಿಗೆ ತಿರುಗಿಸಿದ್ದರಿಂದ ರಕ್ತನಾಳ ಹರಿದು ಪಾರ್ಶ್ವವಾಯು ಬಡಿದದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥದ್ದು ಅಪರೂಪ, ಆದರೆ ಆದಾಗ ಪ್ರಾಣಕ್ಕೇ ಸಂಚಕಾರ.

ಹುಲಗೂರಿನಿಂದ ಹೊರಡುವವರಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಮೂಳೆ ವಿಭಾಗ ದಾರಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ (ಆರ್‌ಬಿಎಸ್‌ಕೆ) ಬಂದಾಗ, ಮಗುವಿನ ಬೆನ್ನನ್ನೂ ನೋಡಿ ಎಂದು ಕೇಳಿಕೊಳ್ಳಿ. ಎಕ್ಸ್‌ರೇ ನಿಂತುಕೊಂಡೇ, ಇಡೀ ಬೆನ್ನಿನದು ಇರಲಿ. ಫಿಲ್ಮಿನ ಮೇಲೆ ತಾರೀಖು, ವರದಿಯಲ್ಲಿ ಡಿಗ್ರಿ ಇದೆಯೇ ನೋಡಿಕೊಂಡು ಜೋಪಾನವಾಗಿಡಿ: ನಾಲ್ಕಾರು ತಿಂಗಳ ನಂತರ ವೈದ್ಯರು ಹೊಸದನ್ನು ಅದರ ಪಕ್ಕದಲ್ಲಿಟ್ಟೇ ಬ್ರೇಸ್ ಬೇಕೋ ಬೇಡವೋ ಹೇಳುತ್ತಾರೆ.